ಕೈರೋಪ್ರಾಕ್ಟರ್ ಕೈಗೆ ಕುತ್ತಿಗೆ ಕೊಡುವ ಮುನ್ನ

ಕುತ್ತಿಗೆ ನೋವಿನ ಜೊತೆಗೆ ತೋಳಿಗೆ ಜೋಮು ಇಳಿಯುತ್ತಿದ್ದರೆ, ದಯವಿಟ್ಟು ಆ ಕುತ್ತಿಗೆಯನ್ನು ಯಾರ ಕೈಗೂ ತಿರುಗಿಸಲು ಕೊಡಬೇಡಿ. ಈಗಾಗಲೇ ಕೊಟ್ಟಾಗಿದ್ದು, ನೋವು ಹೆಚ್ಚಾಗಿದೆ ಎಂದಾಗ ‘ಅದು ಒಳ್ಳೆಯ ಲಕ್ಷಣ’ ಎಂಬ ಉತ್ತರ ಸಿಕ್ಕಿದ್ದರೆ, ಮುಂದಿನ ಭೇಟಿಗೆ ಹೋಗಬೇಡಿ. ಕೈರೋಪ್ರಾಕ್ಟರ್, ಅಂದರೆ ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದ ಒತ್ತಿ, ತಿರುವಿ ಚಿಕಿತ್ಸೆ ಮಾಡುವವರೊಬ್ಬರಿಂದ ನನಗೆ ಸಿಕ್ಕಿದ್ದು ಇದೇ ಉತ್ತರ.

ನನ್ನ ತೊಂದರೆ ಶುರುವಾಗಿದ್ದು ಸೊಂಟದಲ್ಲಿ. ಕೂತು ಕೆಲಸ ಮಾಡುವವರಿಗೆ ಬರುವ ಮಾಮೂಲಿ ನೋವು. ಕುತ್ತಿಗೆಯೂ ಆಗಾಗ ಹಿಡಿದುಕೊಳ್ಳುತ್ತಿತ್ತು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಕೆಲವೊಮ್ಮೆ ಜೋಮು. ಮೊದಲ ಭೇಟಿಯಲ್ಲಿ ತುಂಬಿಕೊಡಲು ಹೇಳಿದ ಹಾಳೆಯಲ್ಲಿ ಈ ಜೋಮಿನ ವಿಷಯವನ್ನು ಸ್ಪಷ್ಟವಾಗಿ ಬರೆದಿದ್ದೆ. ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಕೈಯ ಹಿಡಿತ ಎಷ್ಟಿದೆ ಎಂದು ನೋಡಲಿಲ್ಲ, ಪುಟ್ಟ ಸುತ್ತಿಗೆಯಿಂದ ಮೊಣಕೈ ಬಳಿ ತಟ್ಟಿ ನರದ ಪ್ರತಿಕ್ರಿಯೆ ಪರೀಕ್ಷಿಸಲಿಲ್ಲ, ಚರ್ಮದ ಸ್ಪರ್ಶ ಎಲ್ಲಿ ಮಂಕಾಗಿದೆ ಎಂದೂ ಕೇಳಲಿಲ್ಲ. ಐದು ನಿಮಿಷದಲ್ಲಿ ಮುಗಿಯುವ ಪರೀಕ್ಷೆಗಳಿವು, ಯಾವ ಯಂತ್ರವೂ ಬೇಡ.

ಅವರು ನೋಡಿದ್ದು ನನ್ನ ಕಾಲುಗಳ ಉದ್ದವನ್ನು. ಬೋರಲು ಮಲಗಿಸಿ, ಎರಡು ಹಿಮ್ಮಡಿಗಳನ್ನು ಜೋಡಿಸಿ ಹಿಡಿದು, ‘ಬಲಗಾಲು ಗಿಡ್ಡ’ ಎಂದು ತೀರ್ಮಾನ ಕೊಟ್ಟರು. ಸೊಂಟವನ್ನು ಒಮ್ಮೆ ಒತ್ತಿ ಮತ್ತೆ ಜೋಡಿಸಿದಾಗ ಎರಡೂ ಸಮವಾಗಿದ್ದವಂತೆ. ಮಲಗಿದವರ ಕಾಲನ್ನು ಹೇಗೆ ಹಿಡಿದರು, ಎಷ್ಟು ಎಳೆದರು ಎಂಬುದರ ಮೇಲೆಯೇ ಈ ಅಳತೆ ಬದಲಾಗುತ್ತದೆ. ತೋರಿಸುವವರಿಗೆ ಅದು ಗೊತ್ತಿರಲಿಕ್ಕೂ ಸಾಕು, ಗೊತ್ತಿಲ್ಲದೆ ಇರಲಿಕ್ಕೂ ಸಾಕು. ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ತೀರ್ಮಾನಿಸಲು ಆಗಿಲ್ಲ.

ಆಮೇಲೆ ಎಕ್ಸ್‌ರೇ. ಪರದೆಯ ಮೇಲೆ ನನ್ನ ಕುತ್ತಿಗೆಯ ಚಿತ್ರ, ಅದರ ಮೇಲೆ ಎರಡು ಗೆರೆಗಳು: ಇರಬೇಕಾದ ಬಾಗು ಒಂದು, ನನ್ನದು ಇನ್ನೊಂದು. ‘ಬಾಗು ನೇರವಾಗಿದೆ, ಮೇಲಿನ ಮೂಳೆ ಜರುಗಿದೆ, ಹೀಗೇ ಬಿಟ್ಟರೆ ಸವೆಯುತ್ತಾ ಹೋಗುತ್ತದೆ.’ ಅಂಥ ಚಿತ್ರ ನೋಡಿದರೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಯಾವ ನೋವೂ ಇಲ್ಲದ ಎಷ್ಟೋ ಜನರ ಕುತ್ತಿಗೆ ಎಕ್ಸ್‌ರೇಯಲ್ಲಿ ನೇರವಾಗಿಯೇ ಕಾಣುತ್ತದೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಚಿತ್ರ ತೆಗೆಯುವಾಗ ಗಲ್ಲವನ್ನು ಸ್ವಲ್ಪ ಒಳಗೆಳೆದುಕೊಂಡರೂ, ಸ್ನಾಯು ಬಿಗಿದುಕೊಂಡಿದ್ದರೂ ಆ ಬಾಗು ಕಾಣೆಯಾಗುತ್ತದೆ. ಸವೆತದ ಮಾತಿಗೂ ಇದೇ ಗತಿ. ಬೆನ್ನು ನೋವಿಲ್ಲದವರ ಸ್ಕ್ಯಾನ್‌ಗಳನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, 20ರ ವಯಸ್ಸಿನವರಲ್ಲೇ ಶೇ 37 ಮಂದಿಯ ಡಿಸ್ಕ್‌ಗಳಲ್ಲಿ, ಅಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗಳಲ್ಲಿ, ಸವೆತ ಕಾಣುತ್ತದೆ. 80ರಲ್ಲಿ ಅದು ಶೇ 96. ಅಂದರೆ ಸವೆತ ತೋರಿಸಿ ಹೆದರಿಸುವುದು ನರೆಗೂದಲು ತೋರಿಸಿ ಹೆದರಿಸಿದಂತೆ.

ಹೆದರಿಕೆಯ ಬೆನ್ನಿಗೇ ಯೋಜನೆ ಬಂತು. ವಾರಕ್ಕೆ ಮೂರು ಭೇಟಿ, ಆಮೇಲೆ ಎರಡು, ಆಮೇಲೆ ‘ಆಜೀವ ನಿರ್ವಹಣೆ’. ಇಂದೇ ಪೂರ್ತಿ ಹಣ ಕಟ್ಟಿದರೆ ರಿಯಾಯಿತಿ. ಯೋಜನೆಯ ಹಾಳೆ ಮೊದಲೇ ಅಚ್ಚಾಗಿತ್ತು, ಹೆಸರು ಬರೆಯುವ ಜಾಗ ಮಾತ್ರ ಖಾಲಿ. ನನ್ನ ಎಕ್ಸ್‌ರೇ ತೆಗೆಯುವ ಮೊದಲೇ ನನಗೆ ಬೇಕಾದ ಚಿಕಿತ್ಸೆ ಅಚ್ಚಿನ ಮನೆಯಲ್ಲಿ ನಿರ್ಧಾರವಾಗಿತ್ತು ಎನ್ನಬೇಕು.

ಸೊಂಟಕ್ಕೆ ಮಾಡಿದ್ದು ಹಿತವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಪಕ್ಕಕ್ಕೆ ಮಲಗಿಸಿ, ಭುಜವನ್ನು ಒಂದು ಕಡೆಗೂ ಸೊಂಟವನ್ನು ಇನ್ನೊಂದು ಕಡೆಗೂ ಒತ್ತಿದಾಗ ‘ಲಟಕ್’ ಎಂಬ ಸದ್ದು, ಕೂಡಲೇ ಹಗುರಾದ ಭಾವ. ‘ಕೇಳಿಸಿತಲ್ಲ, ಮೂಳೆ ಜಾಗಕ್ಕೆ ಬಂತು’ ಎಂದರು. ಮೂಳೆ ಯಾವ ಜಾಗಕ್ಕೂ ಬಂದಿರಲಿಲ್ಲ, ಎಲ್ಲಿಗೂ ಹೋಗಿಯೂ ಇರಲಿಲ್ಲ. ಕೀಲಿನ ಒಳಗಿನ ದ್ರವದಲ್ಲಿ ಅನಿಲಗಳು ಕರಗಿರುತ್ತವೆ. ಕೀಲನ್ನು ಥಟ್ಟನೆ ಹಿಗ್ಗಿಸಿದಾಗ ಒತ್ತಡ ಇಳಿದು ಅಲ್ಲೊಂದು ಅನಿಲದ ಪೊಳ್ಳು ಉಂಟಾಗುತ್ತದೆ, ಸದ್ದು ಹುಟ್ಟುವುದು ಅದರಿಂದ. ಬೆರಳಿನ ನೆಟಿಕೆ ಮುರಿದಾಗ ಕೇಳುವುದೂ ಇದೇ. ಒಮ್ಮೆ ಮುರಿದ ಬೆರಳು ಕೂಡಲೇ ಮತ್ತೆ ಸದ್ದು ಮಾಡದಿರುವುದಕ್ಕೂ ಇದೇ ಕಾರಣ: ಆ ಅನಿಲ ಮತ್ತೆ ಕರಗಲು ಹೊತ್ತು ಬೇಕು. ಸದ್ದು ಬಂದರೆ ಏನೂ ಸರಿಯಾಯಿತೆಂದಲ್ಲ, ಬರದಿದ್ದರೆ ಕೆಟ್ಟಿತೆಂದೂ ಅಲ್ಲ.

ಕುತ್ತಿಗೆಗೆ ಕೈ ಹಾಕಿದ್ದು ಹೇಳದೆ ಕೇಳದೆ. ‘ತಲೆ ಸಡಿಲ ಬಿಡಿ’ ಎಂಬುದಷ್ಟೇ ಮುನ್ಸೂಚನೆ. ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದವರು, ಇನ್ನು ತಿರುಗದು ಎನ್ನುವ ಹಂತದಲ್ಲಿ ಒಮ್ಮೆಲೇ ರಭಸದಿಂದ ಇನ್ನಷ್ಟು ತಿರುವಿದರು. ಸದ್ದೇನೋ ಬಂತು. ಇದರಿಂದ ಆಗಬಹುದಾದ ಅಪಾಯಗಳೇನು, ರಭಸವಿಲ್ಲದ ಬೇರೆ ವಿಧಾನಗಳಿವೆಯೇ, ಒಪ್ಪಿಗೆ ಇದೆಯೇ ಎಂಬ ಒಂದು ಮಾತೂ ಬರಲಿಲ್ಲ. ಅಂದು ರಾತ್ರಿ ಭುಜದಿಂದ ಬೆರಳ ತುದಿಯವರೆಗೆ ಉರಿ ಹರಿಯತೊಡಗಿತು.

ಮುಂದಿನ ಭೇಟಿಯಲ್ಲಿ ಹೇಳಿದೆ. ‘ದೇಹ ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತಿದೆ. ಇದು ಗುಣವಾಗುವ ಮುನ್ನದ ನೋವು’ ಎಂದು ನಗುತ್ತಲೇ ಮತ್ತೆ ತಿರುವಿದರು. ಕೆಲವು ವಾರಗಳಲ್ಲಿ ಎಡಗೈಯಲ್ಲಿ ತುಂಬಿದ ಲೋಟ ಎತ್ತಿದರೆ ಮಣಿಕಟ್ಟು ಬಾಗಿ ಬೀಳುವಷ್ಟು ಬಲಗುಂದಿತು. ಅದನ್ನೂ ಹೇಳಿದೆ. ಭೇಟಿಗಳ ನಡುವಿನ ಅಂತರ ಜಾಸ್ತಿಯಾಗಿರಬೇಕು, ಇನ್ನೂ ಬೇಗ ಬೇಗ ಬರಬೇಕು ಎಂದರು.

ಈ ತರ್ಕವನ್ನು ಸ್ವಲ್ಪ ನಿಂತು ನೋಡಿ. ನೋವು ತಗ್ಗಿದರೆ ಅದು ಚಿಕಿತ್ಸೆಯ ಫಲ. ಏರಿದರೆ ಚಿಕಿತ್ಸೆ ನಾಟುತ್ತಿರುವ ಗುರುತು. ಹಾಗೆಯೇ ಉಳಿದರೆ ಇನ್ನಷ್ಟು ಭೇಟಿಗಳ ಅಗತ್ಯ. ಈ ಚಿಕಿತ್ಸೆ ತಪ್ಪಾಗಿದೆ ಎಂದು ರೋಗಿಯ ದೇಹ ಹೇಳಲು ಒಂದು ದಾರಿಯನ್ನೂ ಇವರು ಉಳಿಸಿಲ್ಲ. ಎರಡು ದಿನದ ಮೈಕೈ ನೋವು ಎಂಥ ಕೈಚಳಕದ ಚಿಕಿತ್ಸೆಯಿಂದಲೂ ಬರಬಹುದು, ಅದು ದೊಡ್ಡ ಸಂಗತಿಯಲ್ಲ. ಆದರೆ ಬಲ ಕುಂದುವುದು ನೋವಲ್ಲ. ನರ ಅದುಮಿಹೋಗುತ್ತಿದೆ ಎಂಬ ಸೂಚನೆ ಅದು. ಅದನ್ನು ಕೇಳಿದ ಮೇಲೂ ವೈದ್ಯರ ಬಳಿ ಕಳುಹಿಸದವರು ಯಾವ ಬಿರುದು ಹಾಕಿಕೊಂಡರೇನು?

ಇಂಥ ನಂಬಿಕೆ ಎಲ್ಲಿಂದ ಬಂತೆಂದು ಹುಡುಕಿದರೆ 1895ಕ್ಕೆ ಹೋಗಬೇಕು. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ‘ಮ್ಯಾಗ್ನೆಟಿಕ್ ಹೀಲಿಂಗ್’ ಎಂಬ ಕೈಸ್ಪರ್ಶದ ಚಿಕಿತ್ಸೆ ಮಾಡಿಕೊಂಡಿದ್ದ, ಈ ಪದ್ಧತಿಯ ಮೂಲಪುರುಷ ಡಿ.ಡಿ. ಪಾಮರ್, ಹಾರ್ವೆ ಲಿಲ್ಲರ್ಡ್ ಎಂಬ, ಕಟ್ಟಡ ಶುಚಿ ಮಾಡುವ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿ ಅವನ ಕಿವುಡನ್ನು ಗುಣಪಡಿಸಿದೆ ಎಂದು ಹೇಳಿಕೊಂಡ. ಕಿವಿಯಿಂದ ಮಿದುಳಿಗೆ ಹೋಗುವ ಶ್ರವಣ ನರ ತಲೆಬುರುಡೆಯ ಒಳಗೇ ಸಾಗುತ್ತದೆ, ಬೆನ್ನಿನ ಕಡೆ ಸುಳಿಯುವುದೇ ಇಲ್ಲ. ಇರಲಿ. ನೂರಕ್ಕೆ ತೊಂಬತ್ತೈದು ರೋಗಗಳಿಗೆ ಜರುಗಿದ ಕಶೇರುಗಳೇ (ಬೆನ್ನುಮೂಳೆಯ ಬಿಡಿ ಮೂಳೆಗಳೇ) ಕಾರಣ ಎಂದೂ ಆತ ಬರೆದ. ಈ ‘ಜರುಗುವಿಕೆ’ಗೆ ಸಬ್‌ಲಕ್ಸೇಷನ್ ಎಂದು ಹೆಸರು. ಬ್ರಿಟನ್ನಿನಲ್ಲಿ ಈ ವೃತ್ತಿಯನ್ನು ಕಾನೂನುಬದ್ಧವಾಗಿ ನಿಯಂತ್ರಿಸುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ 2010ರಲ್ಲೇ, ಇದು ಚಾರಿತ್ರಿಕ ಪರಿಕಲ್ಪನೆಯಷ್ಟೇ, ರೋಗಕ್ಕೆ ಇದು ಕಾರಣ ಎನ್ನಲು ಸಂಶೋಧನೆಯ ಆಧಾರವಿಲ್ಲ ಎಂದು ಪ್ರಕಟಿಸಿತು. ಆ ವೃತ್ತಿಯವರೇ ಎಲ್ಲರೂ ಇದನ್ನು ನಂಬುವುದಿಲ್ಲ. ಬೆನ್ನು, ಕುತ್ತಿಗೆಯ ಸ್ನಾಯು ನೋವಿಗೆ ಮಾತ್ರ ಸೀಮಿತವಾಗಿ, ವ್ಯಾಯಾಮ ಹೇಳಿಕೊಟ್ಟು, ನಾಲ್ಕಾರು ಭೇಟಿಯಲ್ಲಿ ಮುಗಿಸುವವರೂ ಇದ್ದಾರೆ. ನನಗೆ ಸಿಕ್ಕವರು ಪಾಮರ್‌ನ ಖಾಸಾ ಶಿಷ್ಯರು.

ಕೊನೆಗೆ ನರರೋಗ ತಜ್ಞರ ಬಳಿ ಹೋದಾಗ ಅವರು ಮೊದಲು ಮಾಡಿದ್ದು ಆ ಐದು ನಿಮಿಷದ ಪರೀಕ್ಷೆ. ಸುತ್ತಿಗೆ ತಟ್ಟಿದರೆ ಬಲಗೈ ಜಿಗಿಯಿತು, ಎಡಗೈ ಸುಮ್ಮನಿತ್ತು. ಎಂಆರ್‌ಐ ಮಾಡಿದಾಗ ಕುತ್ತಿಗೆಯ ಐದನೆಯ ಮತ್ತು ಆರನೆಯ ಕಶೇರುಗಳ ನಡುವಿನ ಡಿಸ್ಕ್ ಹೊರಚಾಚಿ ಆರನೆಯ ನರದ ಬೇರನ್ನು ಒತ್ತುತ್ತಿರುವುದು ಕಾಣಿಸಿತು. ಹೆಬ್ಬೆರಳು, ತೋರುಬೆರಳಿನ ಸ್ಪರ್ಶವೂ ಮಣಿಕಟ್ಟನ್ನು ಮೇಲೆತ್ತುವ ಬಲವೂ ಇದೇ ನರದ ಪಾಲಿಗೆ ಬರುತ್ತವೆ. ಮೊದಲ ದಿನ ಹಾಳೆಯಲ್ಲಿ ನಾನು ಬರೆದಿದ್ದನ್ನು ಓದಿದ್ದರೆ ಸಾಕಿತ್ತು, ಎಲ್ಲಿ ತೊಂದರೆ ಎಂದು ಊಹಿಸಬಹುದಿತ್ತು. ತಿರುವಿದ್ದರಿಂದಲೇ ಡಿಸ್ಕ್ ಹೊರಬಂತೇ ಎಂದು ಕೇಳಿದೆ. ಹಾಗೆ ಖಚಿತವಾಗಿ ಹೇಳಲಾಗದು, ಮೊದಲೇ ಸ್ವಲ್ಪ ಚಾಚಿದ್ದಿರಬಹುದು, ಆದರೆ ಇಂಥ ಕುತ್ತಿಗೆಯನ್ನು ರಭಸದಿಂದ ತಿರುವಬಾರದಿತ್ತು ಎಂದರು. ಅವರು ಅಷ್ಟೇ ಹೇಳಿದ್ದರಿಂದಲೇ ಅವರ ಮೇಲೆ ನನಗೆ ನಂಬಿಕೆ ಬಂತು.

ಅವರೇ ಹೇಳಿದ ಇನ್ನೊಂದು ವಿಷಯ ನನ್ನ ಡಿಸ್ಕ್‌ಗಿಂತ ಮುಖ್ಯವಾದದ್ದು. ಕುತ್ತಿಗೆಯ ಕಶೇರುಗಳ ಎರಡೂ ಪಕ್ಕದಲ್ಲಿ ಸಣ್ಣ ರಂಧ್ರಗಳಿದ್ದು, ಅವುಗಳ ಮೂಲಕ ಒಂದೊಂದು ಅಪಧಮನಿ ಮೇಲೇರಿ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುತ್ತದೆ. ತಲೆ ತಿರುಗಿಸುವಾಗ ಹೆಚ್ಚು ಚಲಿಸುವ ಮೇಲಿನ ಎರಡು ಕಶೇರುಗಳ ಬಳಿ ಅದು ಬಳಸಿಕೊಂಡು ಸಾಗಬೇಕು. ಅಲ್ಲಿ ಅದರ ಒಳಪದರ ಹರಿದರೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ವಯಸ್ಸಾದವರಿಗಷ್ಟೇ ಬರುವ ತೊಂದರೆಯಲ್ಲ ಇದು, ಚಿಕ್ಕ ಪ್ರಾಯದವರಲ್ಲೂ ಆಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಈ ಬಗ್ಗೆ ಹೇಳಿಕೆ ಹೊರಡಿಸಿತು. ಕುತ್ತಿಗೆ ತಿರುವುವ ಚಿಕಿತ್ಸೆಗೂ ಅಪಧಮನಿ ಹೀಗೆ ಹರಿಯುವುದಕ್ಕೂ ನಂಟು ಕಾಣುತ್ತದೆ, ಅದೇ ಕಾರಣ ಎಂದು ಸಾಬೀತಾಗಿಲ್ಲ, ಆದರೂ ಚಿಕಿತ್ಸೆಗೆ ಮೊದಲು ರೋಗಿಗೆ ಈ ವಿಷಯ ತಿಳಿಸಬೇಕು ಎಂಬುದು ಅದರ ಸಾರ. ಸಾಬೀತಾಗದಿರುವುದಕ್ಕೆ ಒಂದು ಕಾರಣವೂ ಇದೆ. ಅಪಧಮನಿ ಮೊದಲೇ ಹರಿದಿದ್ದರೆ ಅದರ ಮೊದಲ ಲಕ್ಷಣವೇ ಕುತ್ತಿಗೆ ನೋವು, ತಲೆನೋವು. ಆ ನೋವಿಗೇ ಜನ ಕೈರೋಪ್ರಾಕ್ಟರ್ ಬಳಿ ಹೋಗಿರಬಹುದು. ಕೆಲವರು ಇದನ್ನು ತಮ್ಮ ಪರವಾದ ವಾದವೆಂಬಂತೆ ಹೇಳುತ್ತಾರೆ. ನನಗಂತೂ ಇನ್ನೂ ಹೆದರಿಕೆ ಹುಟ್ಟಿಸುವ ಮಾತಿದು: ಹರಿದ ರಕ್ತನಾಳವಿರುವ ಕುತ್ತಿಗೆಯೇ ಆ ಮಂಚದ ಮೇಲೆ ಬಂದು ಮಲಗಬಹುದು ಎಂದಾದರೆ, ಪರೀಕ್ಷಿಸದೆ ಅದನ್ನು ತಿರುವಲು ಧೈರ್ಯವಾದರೂ ಹೇಗೆ ಬರುತ್ತದೆ? ಅಪರೂಪದ ಅಪಾಯ ನಿಜ. ಆದರೆ ನಾನು ಸೊಂಟ ನೋವಿಗೆ ಹೋದವನು, ನನಗೆ ಆ ಅಪಾಯವನ್ನು ಹೊರುವ ಅಗತ್ಯವೇ ಇರಲಿಲ್ಲ.

ಹಿಂದೆಂದೂ ಬಾರದಂಥ ತಲೆನೋವು ಅಥವಾ ಕುತ್ತಿಗೆ ನೋವು ಹಠಾತ್ತನೆ ಬಂದರೆ, ಜೊತೆಗೆ ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು, ನಡೆಯುವಾಗ ವಾಲುವುದು ಇವುಗಳಲ್ಲಿ ಒಂದಾದರೂ ಇದ್ದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸೊಂಟ ನೋವಿನವರು ಗಮನಿಸಬೇಕಾದದ್ದು ಬೇರೆ: ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಸೋರುವುದು, ಮಲದ ಮೇಲಿನ ಹಿಡಿತ ತಪ್ಪುವುದು, ತೊಡೆಗಳ ನಡುವಿನ ಭಾಗ ಮರಗಟ್ಟುವುದು, ಕಾಲುಗಳ ಬಲ ಕುಂದುವುದು. ಇದಕ್ಕೂ ಅಂದೇ ಆಸ್ಪತ್ರೆ, ಮರುದಿನಕ್ಕೆ ಮುಂದೂಡುವಂತಿಲ್ಲ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾಗಿರುವುದು, ಮೂಳೆ ಟೊಳ್ಳಾಗುವ ಕಾಯಿಲೆ, ಬಹುಕಾಲದ ಸ್ಟೀರಾಯ್ಡ್ ಸೇವನೆ, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರು, ಮಿಕ್ಕಿದ್ದೆಲ್ಲ ಆಮೇಲೆ.

ಇಷ್ಟೆಲ್ಲ ಆದ ಮೇಲೂ, ಬರಿಯ ಸೊಂಟ ನೋವಿಗೆ ಹೋಗಲೇಬೇಕು ಎನ್ನುವವರಿದ್ದರೆ ಅವರಿಗೆ ಅಡ್ಡ ಬರುವುದಿಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರ ಮಾರ್ಗಸೂಚಿಯಲ್ಲಿ ಹೊಸದಾಗಿ ಬಂದ ಸೊಂಟ ನೋವಿಗೆ ಶಾಖ, ಮಸಾಜ್‌ಗಳ ಜೊತೆಗೆ ಬೆನ್ನುಮೂಳೆ ಒತ್ತುವ ಚಿಕಿತ್ಸೆಯನ್ನೂ ಹೆಸರಿಸಿದೆ, ಆಧಾರ ಗಟ್ಟಿಯಾಗಿಲ್ಲ ಎಂಬ ಷರಾ ಸಹಿತ. ಅದೇ ಮಾರ್ಗಸೂಚಿಯ ಇನ್ನೊಂದು ಮಾತನ್ನು ಯಾವ ಯೋಜನೆಯ ಹಾಳೆಯಲ್ಲೂ ಅಚ್ಚು ಹಾಕಿಸುವುದಿಲ್ಲ: ಇಂಥ ನೋವು ಹೆಚ್ಚಿನವರಲ್ಲಿ ಯಾವ ಚಿಕಿತ್ಸೆ ಕೊಟ್ಟರೂ ಕಾಲಕ್ರಮದಲ್ಲಿ ತಗ್ಗುತ್ತದೆ. ಹಾಗಾಗಿ ಹೋಗುವವರು ಒಳಗೆ ಕಾಲಿಡುತ್ತಲೇ ‘ನನ್ನ ಕುತ್ತಿಗೆಯನ್ನು ತಿರುವಕೂಡದು’ ಎಂದು ಬಾಯಿಬಿಟ್ಟು ಹೇಳಿ, ಹಾಳೆಯ ಮೇಲೆ ಬರೆದೂ ಕೊಡಿ. ಮುಂಗಡವಾಗಿ ಯಾವ ಕಂತನ್ನೂ ಕಟ್ಟಬೇಡಿ. ಎಷ್ಟು ಭೇಟಿಯಲ್ಲಿ ಸುಧಾರಿಸದಿದ್ದರೆ ನಿಲ್ಲಿಸುತ್ತೀರಿ ಎಂದು ಕೇಳಿ. ಈ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡದವರ ಮಂಚದಿಂದ ಎದ್ದು ಬನ್ನಿ.

ನನ್ನ ಕೈ ಈಗ ಬಹುಮಟ್ಟಿಗೆ ಸರಿಯಾಗಿದೆ. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಬೇಕಾಗುವುದಿಲ್ಲವಂತೆ. ಕೆಲವು ದಿನ ಮಾತ್ರೆ, ಆಮೇಲೆ ತಿಂಗಳುಗಟ್ಟಲೆ ಫಿಸಿಯೊಥೆರಪಿಯ ಬೇಸರದ ವ್ಯಾಯಾಮಗಳು. ಯಾವ ಸದ್ದೂ ಬರುವುದಿಲ್ಲ ಅವುಗಳಿಂದ. ತೋರುಬೆರಳ ತುದಿ ಮಾತ್ರ ಇನ್ನೂ ಮಂದವಾಗಿದೆ.

ಉಳಿದ ಭೇಟಿಗಳ ಹಣ ವಾಪಸ್ ಕೇಳಿದಾಗ, ಎಂಆರ್‌ಐ ವರದಿಯನ್ನು ತಿರುವಿಯೂ ನೋಡದೆ, ಹಣ ಮರಳಿಸುವ ಪದ್ಧತಿ ಇಲ್ಲ ಎಂದರು. ಬೇಕಾದರೆ ಆ ಭೇಟಿಗಳನ್ನು ಮನೆಯವರಲ್ಲಿ ಯಾರ ಹೆಸರಿಗಾದರೂ ವರ್ಗಾಯಿಸಬಹುದಂತೆ. ವರ್ಗಾಯಿಸಿಲ್ಲ.