ಮೇಲ್ ಎನ್‌ಕ್ರಿಪ್ಶನ್ ಕೀಗೆ ‘ನವೀಕರಣ ಶುಲ್ಕ’ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯಿಂದ ಹೊರದೇಶಕ್ಕೆ ಕಾಳುಮೆಣಸು, ಏಲಕ್ಕಿ, ಮುರುಗಲು, ಗೇರುಬೀಜ ಕಳುಹಿಸುವ ಸಣ್ಣ ವ್ಯಾಪಾರಸ್ಥರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಮೇಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ (ಪಡೆಯುವವರ ಹೊರತು ಬೇರೆಯವರು ಓದಲಾಗದಂತೆ ಮಾಡಿ) ಸಹಿ ಹಾಕುವ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇವೆ ಎಂದು ಬಂದು, ಬಂದ ಮೇಲ್ ತೆರೆಯಲು, ಸಹಿ ಹಾಕಲು ಬೇಕಾದ ನಮ್ಮ ಖಾಸಗಿ ಕೀ ಎಂಬ ಗುಪ್ತ ಫೈಲನ್ನು ತಮ್ಮಲ್ಲೇ ಇಟ್ಟುಕೊಂಡು, ಅದಕ್ಕೆ ವರ್ಷ ವರ್ಷವೂ ಹಣ ವಸೂಲು ಮಾಡುವ ಅಂಗಡಿಯವರಿದ್ದಾರೆ. ನನಗೆ ಇದು ಆಗಿದೆ. ದೂರು ಕೊಟ್ಟಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿದ್ದೇನು, ಕೇಳಿದಾಗ ಹೇಳಿದ್ದೇನು ಎಂಬುದನ್ನು ಮಾತ್ರ ಬರೆಯುತ್ತೇನೆ.

ಹ್ಯಾಂಬರ್ಗಿನಲ್ಲಿರುವ ನಮ್ಮ ಖರೀದಿದಾರರು ದರ, ಬ್ಯಾಂಕ್ ಖಾತೆ, ಹಡಗಿನ ಕಾಗದಪತ್ರಗಳ ವಿಷಯದ ಮೇಲ್‌ಗಳೆಲ್ಲ ಎನ್‌ಕ್ರಿಪ್ಟ್ ಆಗಿರಬೇಕು, ಸಹಿಯಿರಬೇಕು ಎಂದು ಷರತ್ತು ಹಾಕಿದ್ದರು. ‘ನಮ್ಮ ಖಾತೆ ಬದಲಾಗಿದೆ, ಹಣವನ್ನು ಈ ಹೊಸ ಖಾತೆಗೆ ಹಾಕಿ’ ಎಂಬ ನಕಲಿ ಮೇಲ್‌ಗಳಿಂದ ಎಷ್ಟೋ ವ್ಯಾಪಾರಸ್ಥರು ಮೋಸಹೋಗಿರುವುದರಿಂದ ಆ ಷರತ್ತು ನ್ಯಾಯವಾದದ್ದೇ. ನಮ್ಮಲ್ಲಿ ಕಂಪ್ಯೂಟರಿನ ಕೆಲಸವೆಂದರೆ ಪರಿಚಯದ ಅಂಗಡಿಯವರನ್ನು ಕರೆಯುವುದು, ಅವರು ಬಂದು ಮಾಡಿಕೊಡುವುದು, ಬಿಲ್ ಕೊಡುವುದು. ಹಾಗೆಯೇ ಆಯಿತು. ಅವರು ಜಿಪಿಜಿಫೋರ್‌ವಿನ್ ಎಂಬ ತಂತ್ರಾಂಶವನ್ನು ಹಾಕಿದರು. ಅದರ ಜೊತೆಗೆ ಬರುವ ಕ್ಲಿಯೋಪಾತ್ರ ಕೀಗಳನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಭಾಗ ಔಟ್‌ಲುಕ್‌ಗೆ ಸೇರಿಕೊಂಡು ಎನ್‌ಕ್ರಿಪ್ಟ್ ಮತ್ತು ಸಹಿಯ ಗುಂಡಿಗಳನ್ನು ಕೊಡುತ್ತದೆ. ಕೀಯನ್ನು ಮಾತ್ರ ತಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಮಾಡಿ ಪೆನ್‌ಡ್ರೈವಿನಲ್ಲಿ ತಂದು ಹಾಕಿದರು. ಬಿಲ್ಲಿನಲ್ಲಿ ‘ಎನ್‌ಕ್ರಿಪ್ಶನ್ ಲೈಸೆನ್ಸ್, ಒಂದು ವರ್ಷ’ ಎಂದಿತ್ತು.

ಈ ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕ ಎಂಬುದೇ ಇಲ್ಲ. ಅದರ ಒಳಗಿರುವ ಗ್ನೂಪಿಜಿ 1999ರಿಂದ ಉಚಿತವಾಗಿ ಸಿಗುತ್ತಿರುವ ಸ್ವತಂತ್ರ ತಂತ್ರಾಂಶ. ಡೌನ್‌ಲೋಡ್ ಮಾಡುವಾಗ ದೇಣಿಗೆ ಕೇಳುತ್ತಾರೆ, ಸೊನ್ನೆ ಎಂದು ಒತ್ತಿದರೂ ಕೊಡುತ್ತಾರೆ. ಆದರೆ ಹಾಕಿಕೊಟ್ಟ ಶ್ರಮಕ್ಕೆ ಕೂಲಿ ತೆಗೆದುಕೊಳ್ಳುವುದು ತಪ್ಪಲ್ಲ, ಆ ಹಣದ ಬಗ್ಗೆ ನನಗೆ ತಕರಾರಿಲ್ಲ. ನನ್ನ ಸಿಟ್ಟು ಅದರ ನಂತರದ್ದು.

ಮೊದಲ ವರ್ಷ ಮುಗಿದಾಗ ನವೀಕರಣಕ್ಕೆಂದು ನಾಲ್ಕೂವರೆ ಸಾವಿರ ಕೊಟ್ಟೆ, ಒಂದು ಸಣ್ಣ ಫೈಲ್ ಬಂತು, ಕೆಲಸ ನಡೆಯಿತು. ಟೆಂಡರಿಗೆ, ಜಿಎಸ್‌ಟಿಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ಗೆ ಹಣ ಕೊಟ್ಟು ನವೀಕರಣ ಮಾಡಿಸುವುದು ನಮ್ಮ ಜಿಲ್ಲೆಯ ಎಲ್ಲ ವ್ಯಾಪಾರಸ್ಥರಿಗೂ ರೂಢಿ. ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ಪರವಾನಗಿ ಪಡೆದ ಪ್ರಾಧಿಕಾರ ಕೊಡುವ ಪ್ರಮಾಣಪತ್ರ, ಅಲ್ಲಿ ಶುಲ್ಕಕ್ಕೆ ಅರ್ಥವಿದೆ. ಗ್ನೂಪಿಜಿಯಲ್ಲಿ ಮಾಡಿ ಮೇಲ್‌ಗೆ ಬಳಸುವ ಓಪನ್‌ಪಿಜಿಪಿ ಕೀಗೂ ಅದಕ್ಕೂ ಸಂಬಂಧವಿಲ್ಲ. ಈ ಎರಡನ್ನೂ ಬೇಕೆಂದೇ ಒಂದು ಮಾಡಿ ಹೇಳುವುದೇ ಇವರ ದಂಧೆಯ ಬುಡ.

ಎರಡನೆಯ ಬಾರಿ ಅವಧಿ ಮುಗಿದಾಗ ಹ್ಯಾಂಬರ್ಗಿನಿಂದ ಮೇಲ್ ಬಂತು: ನಿಮ್ಮ ಕೀಯ ಅವಧಿ ತೀರಿದೆ, ಅದಕ್ಕೆ ಎನ್‌ಕ್ರಿಪ್ಟ್ ಮಾಡಲು ನಮ್ಮ ತಂತ್ರಾಂಶ ಒಪ್ಪುತ್ತಿಲ್ಲ, ಹೊಸದು ಬರುವವರೆಗೆ ಕಾಗದಪತ್ರ ಕಳುಹಿಸುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ, “ಮೇಡಂ, ಈ ವರ್ಷ ರೇಟ್ ಹೆಚ್ಚಾಗಿದೆ, ಏಳು ಸಾವಿರ. ಕಟ್ಟದಿದ್ದರೆ ನಿಮ್ಮ ಹಳೆಯ ಮೇಲ್‌ಗಳೂ ಓಪನ್ ಆಗುವುದಿಲ್ಲ” ಎಂದರು. ಇದು ಶುದ್ಧ ಸುಳ್ಳು. ಅವಧಿ ತೀರಿದ ಕೀಯಿಂದ ಹೊಸ ಸಹಿ ಹಾಕಲು ಬರುವುದಿಲ್ಲ, ಬೇರೆಯವರು ನಮಗೆ ಎನ್‌ಕ್ರಿಪ್ಟ್ ಮಾಡಿ ಕಳುಹಿಸಲು ಬರುವುದಿಲ್ಲ. ಹಳೆಯ ಮೇಲ್‌ಗಳನ್ನು ತೆರೆಯಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಹೆದರಿಸಲಿಕ್ಕೇ ಹೇಳಿದ ಮಾತು ಅದು.

ಚೌತಿಗೆಂದು ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಕಂಪ್ಯೂಟರಿನ ಮುಂದೆ ಕುಳಿತು ಕ್ಲಿಯೋಪಾತ್ರದಲ್ಲಿ ಅವಧಿ ಬದಲಿಸಲು ನೋಡಿದ, ಆಗಲಿಲ್ಲ. ಆಮೇಲೆ ಕಮಾಂಡಿನ ಕಪ್ಪು ಪರದೆಯಲ್ಲಿ ಖಾಸಗಿ ಕೀಗಳ ಪಟ್ಟಿ ತೆಗೆದ. ಅದರಲ್ಲಿ ‘ಎಸ್‌ಇಸಿ’ ಎಂಬ ಮೂರು ಅಕ್ಷರಗಳ ಪಕ್ಕದಲ್ಲಿ ಒಂದು # ಗುರುತು ಇತ್ತು. “ಚಿಕ್ಕಿ, ಈ ಕೀಯ ಅವಧಿಯನ್ನು ಮುಂದೂಡುವುದು ಕೀಯ ಒಡೆಯರೇ, ಅದಕ್ಕೆ ಯಾರಿಗೂ ದುಡ್ಡು ಕೊಡುವುದು ಬೇಡ. ಆದರೆ ನಿನ್ನ ಮುಖ್ಯ ಕೀ ಈ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. ಅವರು ಉಪಕೀಗಳನ್ನಷ್ಟೇ ಹಾಕಿದ್ದಾರೆ” ಎಂದ. ಉಪಕೀಗಳಿಂದ ಸಹಿ ಹಾಕಬಹುದು, ಬಂದ ಮೇಲ್ ತೆರೆಯಬಹುದು. ಅವಧಿಯನ್ನು ಮುಂದೂಡಲು ಮುಖ್ಯ ಕೀ ಬೇಕು. ಮುಖ್ಯ ಕೀಯನ್ನು ಬೇರೆ ಕಡೆ ಜೋಪಾನ ಮಾಡಿ ದಿನಬಳಕೆಗೆ ಉಪಕೀ ಇಟ್ಟುಕೊಳ್ಳುವುದು ತಿಳಿದವರು ತಮ್ಮ ಸುರಕ್ಷತೆಗಾಗಿ ಮಾಡುವ ಒಳ್ಳೆಯ ಪದ್ಧತಿಯಂತೆ. ಅದನ್ನೇ ತಿರುಗಿಸಿ, ನನ್ನ ಹೆಸರಿನ ಮುಖ್ಯ ಕೀಯನ್ನು ಅವರು ತಮ್ಮ ಅಂಗಡಿಯಲ್ಲಿ ಇಟ್ಟುಕೊಂಡಿದ್ದರು. ನನ್ನದೇ ಸಹಿಗೆ ನಾನು ಗೇಣಿ ಕೊಡುತ್ತಿದ್ದೆ.

ಆ # ಗುರುತನ್ನು ನೋಡುತ್ತ ಕುಳಿತಾಗ ನನಗೆ ಹಣದ ಯೋಚನೆ ಬರಲಿಲ್ಲ. ಕೀ ಹುಟ್ಟಿದ್ದೇ ಅವರ ಕಂಪ್ಯೂಟರಿನಲ್ಲಿ, ಕೀ ಬಳಸಲು ಬೇಕಾದ ಗುಪ್ತಪದವನ್ನು (ಪಾಸ್‌ಫ್ರೇಸ್) ಆರಿಸಿ ಚೀಟಿಯಲ್ಲಿ ಬರೆದುಕೊಟ್ಟವರೂ ಅವರೇ. ನಾನು ಯಾರಿಗೆ ಯಾವ ದರ ಹೇಳಿದ್ದೇನೆ, ಯಾವ ಖಾತೆಗೆ ಎಷ್ಟು ಬರಬೇಕು ಎಂಬ ಮೇಲ್‌ಗಳು ಅವರ ಕೈಗೆ ಸಿಕ್ಕರೆ ಓದಲು ಬೇಕಾದದ್ದೆಲ್ಲ ಅವರಲ್ಲಿತ್ತು. ನನ್ನ ಹೆಸರಿನಲ್ಲಿ ಸಹಿ ಹಾಕಿ ಹೊಸ ಖಾತೆ ಸಂಖ್ಯೆ ಕಳುಹಿಸಿದ್ದರೆ ಖರೀದಿದಾರರ ಪರದೆಯಲ್ಲಿ ಸಹಿ ಸರಿಯಾಗಿದೆ ಎಂದೇ ತೋರುತ್ತಿತ್ತು. ಹಾಗೆ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಮಾಡಬಹುದಾದ ಸ್ಥಿತಿಯಲ್ಲಿ ನನ್ನನ್ನು ಇಟ್ಟಿದ್ದರು, ಅದಕ್ಕೆ ನನ್ನಿಂದಲೇ ಹಣ ಪಡೆದಿದ್ದರು.

ಮುಖ್ಯ ಕೀ ಕೊಡಿ ಎಂದು ವಾಟ್ಸಾಪಿನಲ್ಲಿ ಬರೆದೆ. “ಅದು ನಮ್ಮಲ್ಲಿ ಸೇಫ್ ಆಗಿದೆ ಮೇಡಂ. ನಿಮ್ಮ ಕಂಪ್ಯೂಟರ್ ಹಾಳಾದರೆ ಯಾರು ಜವಾಬ್ದಾರಿ?” ಎಂಬ ಉತ್ತರ ಬಂತು. ನನ್ನ ಕೀಯನ್ನು ನನಗೆ ಕೇಳದೆ ಏಕೆ ಇಟ್ಟುಕೊಂಡಿರಿ ಎಂದರೆ, “ಎಲ್ಲ ಕಸ್ಟಮರ್‌ಗಳಿಗೂ ಹೀಗೆಯೇ ಮಾಡುತ್ತೇವೆ.” ಎಲ್ಲರಿಗೂ! ಈ ಬರಹವನ್ನು ಬರೆಯಲು ಆ ಒಂದು ಮಾತೇ ಸಾಕಾಯಿತು. ಕೀ ರದ್ದುಗೊಳಿಸುವ ಪ್ರಮಾಣಪತ್ರವನ್ನಾದರೂ ಕೊಡಿ, ಗ್ನೂಪಿಜಿ ಕೀ ಮಾಡುವಾಗಲೇ ಅದನ್ನೂ ತಾನಾಗಿ ಮಾಡಿಡುತ್ತದೆ ಎಂದು ಹುಡುಗ ಹೇಳಿಕೊಟ್ಟಂತೆ ಬರೆದೆ. “ಇದೆಲ್ಲ ಟೆಕ್ನಿಕಲ್ ವಿಷಯ, ನಿಮ್ಮ ಯಜಮಾನರಿಗೆ ಫೋನ್ ಕೊಡಿ” ಎಂದರು. ವ್ಯಾಪಾರ ನನ್ನದು, ಬಿಲ್ ನನ್ನ ಹೆಸರಿನಲ್ಲಿದೆ, ಹಣ ಕೊಟ್ಟವಳು ನಾನು. ಹಣ ತೆಗೆದುಕೊಳ್ಳುವಾಗ ಯಜಮಾನರನ್ನು ಯಾರೂ ಕೇಳಿರಲಿಲ್ಲ. ಕೊನೆಗೆ, “ಕೀ ಹ್ಯಾಂಡ್‌ಓವರ್‌ಗೆ ಬೇರೆ ಚಾರ್ಜ್ ಆಗುತ್ತದೆ” ಎಂದು ಬರೆದು ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಹ್ಯಾಂಬರ್ಗಿನವರಿಗೆ ಇದನ್ನೆಲ್ಲ ಹೇಳುವುದು ಬಹಳ ನಾಚಿಕೆಯ ಕೆಲಸವಾಗಿತ್ತು. “ಹಾಗಾದರೆ ಇಷ್ಟು ದಿನ ನಿಮ್ಮ ಕೀ ಇನ್ನೊಬ್ಬರ ಬಳಿಯೂ ಇತ್ತೇ?” ಎಂದು ಅವರು ಕೇಳಿದಾಗ ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. ನನ್ನ ಕಂಪ್ಯೂಟರಿನಲ್ಲಿಯೇ, ನಾನೇ ಆರಿಸಿದ ಪಾಸ್‌ಫ್ರೇಸ್ ಹಾಕಿ ಹೊಸ ಕೀ ಮಾಡಿದೆ. ಕ್ಲಿಯೋಪಾತ್ರದಲ್ಲಿ ಅದು ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಹೊಸ ಕೀ ನನ್ನದೇ ಎಂದು ಅವರು ತಾಳೆ ನೋಡಲು ಅದರ ಬೆರಳಚ್ಚಿನ (ಪ್ರತಿ ಕೀಗೂ ಬೇರೆಯಾಗಿರುವ ಗುರುತಿನ) 40 ಅಕ್ಷರಗಳನ್ನು ಫೋನಿನಲ್ಲಿ ನಾಲ್ಕು ನಾಲ್ಕಾಗಿ ಓದಿ ಹೇಳಿದೆ, ಮಳೆಗೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿದ್ದುದರಿಂದ ಮತ್ತೆ ಮೊದಲಿನಿಂದ ಓದಬೇಕಾಯಿತು. ಹಳೆಯ ಕೀಯನ್ನು ರದ್ದು ಮಾಡಲು ಇಂದಿಗೂ ನನ್ನ ಕೈಯಲ್ಲಿ ಆಗುವುದಿಲ್ಲ. ಬೇರೆಯವರು ನಮ್ಮ ಕೀಯನ್ನು ಹುಡುಕುವ ಕೀಸ್.ಓಪನ್‌ಪಿಜಿಪಿ.ಆರ್ಗ್ ಸರ್ವರಿನಲ್ಲಿ ಮಾತ್ರ ಮೇಲ್ ವಿಳಾಸ ಯಾರದೋ ಅವರ ಮಾತು ನಡೆಯುವುದರಿಂದ ಅಲ್ಲಿ ಹಳೆಯ ಕೀಯಿಂದ ನನ್ನ ವಿಳಾಸವನ್ನು ತೆಗೆಸಿ ಹೊಸ ಕೀಯನ್ನು ಸೇರಿಸಿದ್ದೇನೆ.

ಯಾರಿಂದಲಾದರೂ ಈ ಕೆಲಸ ಮಾಡಿಸುವುದಾದರೆ ಕೀಯನ್ನು ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಕಣ್ಣೆದುರಿಗೇ ಮಾಡಿಸಿ. ಪಾಸ್‌ಫ್ರೇಸ್ ಟೈಪ್ ಮಾಡುವಾಗ ಅವರನ್ನು ಆಚೆ ನಿಲ್ಲಿಸಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಖಾಸಗಿ ಕೀಯ ಪ್ರತಿಯನ್ನೂ ರದ್ದತಿ ಪ್ರಮಾಣಪತ್ರವನ್ನೂ ಪೆನ್‌ಡ್ರೈವಿಗೆ ಹಾಕಿ ಕಪಾಟಿನಲ್ಲಿಡಿ. ‘ಎಲ್ಲವೂ ಗುಪ್ತ’ ಎಂಬ ಅವರ ಮಾತನ್ನೂ ನಂಬಬೇಡಿ; ಈ ಏರ್ಪಾಡಿನಲ್ಲಿ ಮೇಲ್‌ನ ವಿಷಯದ ಸಾಲು, ಕಳುಹಿಸಿದವರ ಮತ್ತು ಪಡೆಯುವವರ ವಿಳಾಸ ತೆರೆದೇ ಇರುತ್ತವೆ, ಆದ್ದರಿಂದ ದರವನ್ನು ವಿಷಯದ ಸಾಲಿನಲ್ಲಿ ಬರೆಯಬೇಡಿ. ಈಗಾಗಲೇ ‘ಲೈಸೆನ್ಸ್’ ಹಣ ಕಟ್ಟಿದವರು ತಿಳಿದವರೊಬ್ಬರಿಂದ ಆ # ಗುರುತು ಇದೆಯೇ ಎಂದು ಇವತ್ತೇ ನೋಡಿಸಿ. ಅಂಗಡಿಯಲ್ಲಿ ಮಾಡಿ ತಂದ ಕೀ ಆಗಿದ್ದರೆ ಗುರುತು ಇಲ್ಲದಿದ್ದರೂ ಅದನ್ನು ಬಿಟ್ಟು ಹೊಸದು ಮಾಡಿಕೊಳ್ಳಿ. ನಾನು ಬಿಲ್ ಮತ್ತು ವಾಟ್ಸಾಪ್ ಉತ್ತರಗಳನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಅಲ್ಲಿ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇದೇ ರೀತಿಯ ಬಿಲ್ ಇರುವವರು ಅದನ್ನು ಹರಿದು ಎಸೆಯದೆ ನೀವೂ ದೂರು ಕೊಡಿ.