ತಾನೇ ತಿರುಗುವ ಮೊಬೈಲ್ ಸ್ಟ್ಯಾಂಡ್: ಅಭ್ಯಾಸ ಪಾಠದ ಚಿತ್ರೀಕರಣಕ್ಕೆ ತಕ್ಕುದೇ?

ಶಿರಸಿಯಲ್ಲಿ ಬಿ.ಇಡಿ. ಪ್ರಶಿಕ್ಷಣಾರ್ಥಿಗಳ ಅಭ್ಯಾಸ ಪಾಠಗಳನ್ನು ಚಿತ್ರೀಕರಿಸಲೆಂದು ಈ ಜೂನ್ ತಿಂಗಳಲ್ಲಿ ಒಂದು ಮೊಬೈಲ್ ಸ್ಟ್ಯಾಂಡನ್ನೂ ಅದರೊಂದಿಗೆ ಬರುವ ವೈರ್‌ಲೆಸ್ ಕಾಲರ್ ಮೈಕನ್ನೂ ತರಿಸಿದೆವು. ಎರಡಕ್ಕೂ ಸೇರಿ 3,400 ರೂಪಾಯಿ ಆಯಿತು. ಮಾತನಾಡುವವರ ಮುಖವನ್ನು ಗುರುತಿಸಿ, ಅವರು ನಡೆದತ್ತ ತಾನೇ ತಿರುಗುವುದು ಈ ಸ್ಟ್ಯಾಂಡಿನ ಹೆಚ್ಚುಗಾರಿಕೆ.

ಹೇಳಿದ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಕರಿಹಲಗೆಯಿಂದ ಬಾಗಿಲವರೆಗೆ ನಡೆದರೂ ಮುಖ ಪರದೆಯ ನಡುವಿನಿಂದ ಆಚೀಚೆ ಸರಿಯುವುದಿಲ್ಲ. ಆದರೆ ನಮಗೆ ತೊಡಕಾದದ್ದೇ ಅದು. ಮೊದಲ ನಾಲ್ಕು ವಿಡಿಯೊಗಳನ್ನು ನೋಡಿದ ಪ್ರಶಿಕ್ಷಣಾರ್ಥಿಗಳು ಸೀರೆಯ ನೆರಿಗೆ, ದನಿಯ ನಡುಕ, ಕೈ ಬೀಸುವ ರೀತಿ ಇವುಗಳ ಬಗ್ಗೆಯೇ ಬರೆದುಕೊಟ್ಟರು. ಮಕ್ಕಳ ಬಗ್ಗೆ ಒಂದು ಸಾಲೂ ಇರಲಿಲ್ಲ, ಏಕೆಂದರೆ ವಿಡಿಯೊದಲ್ಲಿ ಮಕ್ಕಳೇ ಇರಲಿಲ್ಲ.

ಐದನೆಯ ಪಾಠಕ್ಕೆ ತಿರುಗುವ ಸೌಲಭ್ಯವನ್ನು ಆಫ್ ಮಾಡಿ, ಸ್ಟ್ಯಾಂಡನ್ನು ಹಲಗೆಯ ಪಕ್ಕದ ಕಿಟಕಿಯ ಬಳಿ ಮಕ್ಕಳತ್ತ ಮುಖ ಮಾಡಿ ನಿಲ್ಲಿಸಿದೆವು. ಒಂಬತ್ತನೆಯ ತರಗತಿಗೆ ಆವಿಯಾಗುವಿಕೆಯ ಪಾಠ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಏಕೆ ಬೇಗ ಒಣಗುವುದಿಲ್ಲ ಎಂದು ಕೇಳಿದ ಪ್ರಶಿಕ್ಷಣಾರ್ಥಿ, ಉಸಿರು ತಿರುಗಿಸುವುದರೊಳಗೆ ತಾನೇ ಉತ್ತರವನ್ನೂ ಹೇಳಿಬಿಟ್ಟಳು. ವಿಡಿಯೊದಲ್ಲಿ ಎರಡನೆಯ ಬೆಂಚಿನ ಹುಡುಗಿಯೊಬ್ಬಳ ಕೈ ಹೆಗಲಿನವರೆಗೆ ಏರಿ, ಅಲ್ಲಿಂದ ಜಡೆಯ ರಿಬ್ಬನ್ನಿಗೆ ಸರಿದು, ಕೆಳಗಿಳಿಯಿತು. ಆ ತುಣುಕನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದ ಪ್ರಶಿಕ್ಷಣಾರ್ಥಿ, "ಸರ್, ಇವಳನ್ನು ನಾನು ನೋಡಲೇ ಇಲ್ಲ" ಎಂದಳು. ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ತುಂಬಿದ್ದ ಅವಲೋಕನ ನಮೂನೆಯಲ್ಲಿ ಪ್ರಶ್ನಿಸುವ ಕೌಶಲಕ್ಕೆ 'ಉತ್ತಮ' ಎಂದಿತ್ತು!

ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿಯೇ ತೋರಿಸಿದ್ದರು. ಪ್ರತಿ ವರ್ಷವೂ ನಾನು ಇದನ್ನು ಬೋಧಿಸುತ್ತೇನೆ, ಪ್ರಶಿಕ್ಷಣಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಮುಂದಿನ ಪಾಠದಲ್ಲಿ ಆ ಪ್ರಶಿಕ್ಷಣಾರ್ಥಿ ಪ್ರಶ್ನೆ ಕೇಳಿ, ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕಾದಳು.

ಮೈಕಿನ ಬಗ್ಗೆ ಮೆಚ್ಚುಗೆ ಅರ್ಧ ಮಾತ್ರ. ಜುಲೈ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗಲೂ ಶಿಕ್ಷಕರ ಮಾತು ಸ್ಪಷ್ಟವಾಗಿ ದಾಖಲಾಗುತ್ತದೆ. ಆದರೆ ಅದರ ರಿಸೀವರನ್ನು ಸಿಕ್ಕಿಸಿದ ಕೂಡಲೇ ಫೋನಿನ ಸ್ವಂತ ಮೈಕು ಸುಮ್ಮನಾಗುವುದರಿಂದ ಮಕ್ಕಳ ಉತ್ತರಗಳು ಕೇಳಿಸುವುದೇ ಇಲ್ಲ. ಎರಡು ಮೈಕುಗಳ ಸೆಟ್ ಕೊಂಡು, ಒಂದನ್ನು ನಡುವಿನ ಬೆಂಚಿನ ಮೇಲಿಡುವುದು ಲೇಸು.

ಇಡೀ ನಲವತ್ತು ನಿಮಿಷದ ಪಾಠವನ್ನು ಚಿತ್ರೀಕರಿಸಬೇಕಾಗಿಯೂ ಇಲ್ಲ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆ (ಮೈಕ್ರೋಟೀಚಿಂಗ್) ಎಂಬ ಶಿಕ್ಷಕ ತರಬೇತಿ ವಿಧಾನದಲ್ಲಿಯೂ ಪಾಠವೆಂದರೆ ಕೆಲವೇ ನಿಮಿಷ, ಕೌಶಲ ಒಂದೇ. ಬೋಧಿಸಿ, ನೋಡಿ, ತಿದ್ದಿಕೊಂಡು ಮತ್ತೆ ಬೋಧಿಸುವುದು. ಹತ್ತು ನಿಮಿಷದ ವಿಡಿಯೊವನ್ನು ಅದೇ ದಿನ ಸಂಜೆ ಕುಳಿತು ನೋಡಬಹುದು. ದೊಡ್ಡ ಕಡತಗಳನ್ನು ನಾವು ಯಾರೂ ತೆರೆಯಲಿಲ್ಲ.

ಮುಖ ಹಿಂಬಾಲಿಸಬೇಕಾದರೆ ಕಂಪನಿಯ ಆ್ಯಪ್‌ನಲ್ಲಿ ಖಾತೆ ತೆರೆಯಬೇಕು. ಮಕ್ಕಳ ಮುಖಗಳಿರುವ ವಿಡಿಯೊ ಹೊರಗಿನವರ ಕೈಗೆ ಹೋಗಬಾರದೆಂದು ಫೋನಿನದೇ ಕ್ಯಾಮೆರಾ ಆ್ಯಪ್ ಬಳಸಿದೆವು. ಮುಖ್ಯ ಶಿಕ್ಷಕರ ಮತ್ತು ಪಾಲಕರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದು, ಚರ್ಚೆ ಮುಗಿದ ಮೇಲೆ ವಿಡಿಯೊಗಳನ್ನು ಅಳಿಸಿಹಾಕಿದೆವು.

ಆದ್ದರಿಂದ ಈ ಕೆಲಸಕ್ಕೆ ತಿರುಗುವ ಸ್ಟ್ಯಾಂಡ್ ಬೇಡ. ಗಟ್ಟಿಯಾದ ಸಾದಾ ಟ್ರೈಪಾಡ್ ಸಾಕು. ನಮ್ಮದರಲ್ಲಿ ಫೋನ್ ಹಿಡಿಯುವ ಕ್ಲಿಪ್ಪಿನ ಸ್ಪ್ರಿಂಗ್ ಆರನೆಯ ವಾರಕ್ಕೇ ಸಡಿಲಾಗಿದ್ದು, ಸದ್ಯ ರಬ್ಬರ್ ಬ್ಯಾಂಡ್ ಸುತ್ತಿ ನಡೆಸುತ್ತಿದ್ದೇವೆ.