ಪೆಟ್ರೋಲ್ ಟ್ಯಾಂಕಿನ ಬೀಗದ ಮುಚ್ಚಳಗಳು: ದಾವಣಗೆರೆಯ ದೂಳಿನಲ್ಲಿ ಬಳಸಿ ಕಂಡದ್ದು

1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಮುಂದೆ ಓಮ್ನಿ ಎಂದು ಹೆಸರಾಗಿ, 2019ರಲ್ಲಿ ತಯಾರಿಕೆ ನಿಂತ ಗಾಡಿಯೊಂದು ಈಗಲೂ ನಮ್ಮ ಮನೆಯ ಮುಂದೆ ನಿಲ್ಲುತ್ತದೆ. ಅದರ ಟ್ಯಾಂಕಿನ ಬಾಯಿಗೆ ಬೇರೆ ಕಾರುಗಳಂತೆ ತಗಡಿನ ಬಾಗಿಲಿಲ್ಲ. ಹೊರಗೆ ಕಾಣುವ ಕಪ್ಪು ಮುಚ್ಚಳವೇ ಬಾಗಿಲು, ಅದೇ ಬೀಗ, ಮಳೆಗೂ ದೂಳಿಗೂ ಅದೇ ಕೊಡೆ. ನಾಲ್ಕು ವರ್ಷಗಳಲ್ಲಿ ಇಂಥ ಮೂರು ಮುಚ್ಚಳಗಳನ್ನು ಹಾಕಿ ನೋಡಿದ್ದೇನೆ. ಮನೆಯ ಇನ್ನೊಂದು ಸಣ್ಣ ಕಾರಿನಲ್ಲಿ ಸೀಟಿನ ಪಕ್ಕದ ಲೀವರ್ ಎತ್ತಿ ತೆರೆಯುವ ವ್ಯವಸ್ಥೆಯಿದೆ. ಅಂಗಡಿಯಲ್ಲಿ ಕೊಳ್ಳುವಾಗ ನಾವೆಲ್ಲ ಬೀಗ ಎಷ್ಟು ಗಟ್ಟಿ ಎಂದು ನೋಡುತ್ತೇವೆ. ಬಳಸಿದ ಮೇಲೆ ನನಗೆ ಮುಖ್ಯವೆನಿಸಿದ ಸಂಗತಿಗಳು ಬೇರೆಯೇ ಎರಡು: ಮುಚ್ಚಳವನ್ನು ದಿನವೂ ಯಾರ ಕೈ ತಿರುಗಿಸುತ್ತದೆ ಎಂಬುದು ಒಂದು, ಮುಚ್ಚಿದ ಟ್ಯಾಂಕು ಉಸಿರಾಡುತ್ತದೆಯೇ ಎಂಬುದು ಇನ್ನೊಂದು.

ಗಾಡಿಯೊಂದಿಗೆ ಬಂದ ಮುಚ್ಚಳವನ್ನು ಮೊದಲು ಹೇಳುತ್ತೇನೆ. ಇಗ್ನಿಷನ್ನಿಗೂ ಬಾಗಿಲಿಗೂ ಇರುವ ಕೀಯೇ ಇದಕ್ಕೂ ಆಗುತ್ತದೆ. ಬೀಗದೊಳಗಿನ ಸಣ್ಣ ನಾಲಿಗೆಯನ್ನು ಕೀ ಹಿಂದಕ್ಕೆ ಎಳೆದುಕೊಳ್ಳುವ ತನಕ ಮುಚ್ಚಳ ಅಲುಗಾಡುವುದಿಲ್ಲ. ಪೆಟ್ರೋಲ್ ಹಾಕಿಸಬೇಕಾದರೆ ಇಗ್ನಿಷನ್ನಿನಿಂದ ಕೀ ತೆಗೆಯಲೇಬೇಕಾದ್ದರಿಂದ ಎಂಜಿನ್ ತಾನಾಗಿಯೇ ಆಫ್ ಆಗಿರುತ್ತದೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಈ ಅನುಕೂಲವೇ ನನ್ನ ಮಟ್ಟಿಗೆ ದೊಡ್ಡದು. (ಇಗ್ನಿಷನ್ ಸವೆದ ಹಳೆಯ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಕೀ ಕೈಗೆ ಬರುವುದುಂಟು, ಅದು ಬೇರೆ ಮಾತು.) ಇದರ ದೋಷವೆಂದರೆ ಬಲ ಹಾಕಿದಷ್ಟೂ ಪೆಟ್ಟು ನಾಲಿಗೆಗೆ ಬೀಳುತ್ತದೆ. ಬಂಕಿನ ಹುಡುಗರಿಗೆ ಹಿಂದೆ ಹತ್ತು ಗಾಡಿ ಕಾಯುತ್ತಿರುತ್ತವೆ; ಕೀ ಪೂರ್ತಿ ತಿರುಗುವ ಮೊದಲೇ ಅದನ್ನೇ ಹಿಡಿಯಾಗಿ ಮಾಡಿಕೊಂಡು ಮುಚ್ಚಳವನ್ನು ತಿರುವುತ್ತಾರೆ. ನನ್ನ ಕೀ ಹಾಗೆಯೇ ಒಂದು ಸಂಜೆ ಅರ್ಧ ಬೀಗದಲ್ಲಿ, ಅರ್ಧ ಹುಡುಗನ ಕೈಯಲ್ಲಿ ಉಳಿಯಿತು. ಆ ಕೀ ಮೊದಲೇ ಸವೆದು ತೆಳ್ಳಗಾಗಿದ್ದುದರಿಂದ ತಪ್ಪೆಲ್ಲ ಅವನದೇ ಎನ್ನಲಾರೆ.

ಎರಡನೆಯದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಮುಚ್ಚಳ. ಬೀಗ ಹಾಕಿದಾಗ ಇದರ ಹೊರಚಿಪ್ಪಿಗೂ ಒಳಭಾಗಕ್ಕೂ ಸಂಬಂಧ ತಪ್ಪಿಹೋಗುವುದರಿಂದ, ಎಷ್ಟು ತಿರುಗಿಸಿದರೂ ಹೊರಚಿಪ್ಪು ಮಾತ್ರ ಸುಮ್ಮನೆ ಸುತ್ತುತ್ತದೆ. ಬಲಕ್ಕೆ ಕಚ್ಚಿಕೊಳ್ಳಲು ಏನೂ ಸಿಗದ ಕಾರಣ ಒಳಗೆ ಏನೂ ಮುರಿಯುವುದಿಲ್ಲ. ಪೈಪ್ ಹಾಕಿ ಪೆಟ್ರೋಲ್ ಎಳೆದುಕೊಳ್ಳಲು ಬಂದವನ ಕೈಗೂ, ಅವಸರದಲ್ಲಿರುವ ಬಂಕಿನ ಹುಡುಗನ ಕೈಗೂ ಇದು ಒಂದೇ ಉತ್ತರ ಕೊಡುತ್ತದೆ. ರಚನೆಯ ದೃಷ್ಟಿಯಿಂದ ಮೂರರಲ್ಲಿ ಇದೇ ಜಾಣತನದ್ದು ಎಂದು ಒಪ್ಪಬೇಕು. ಆದರೆ ನಾನು ಕೊಂಡದ್ದರ ಕೀರಂಧ್ರಕ್ಕೆ ಮರೆಯ ತಗಡು ಇರಲಿಲ್ಲ. ದಾವಣಗೆರೆಯ ಸುತ್ತ ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಕಾಳನ್ನು ರಸ್ತೆಯ ಅಂಚಿನಲ್ಲೇ ಹರಡಿ ಒಣಗಿಸುತ್ತಾರೆ. ಆ ಹೊಟ್ಟಿನ ಸಣ್ಣ ದೂಳು ಎಲ್ಲಿ ಸಂದು ಕಂಡರೂ ಸೇರಿಕೊಳ್ಳುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಗಾಡಿ ನಿಲ್ಲಿಸಿದ ದಿನ ಬೂದಿಯೂ ಕೂಡಿಕೊಳ್ಳುತ್ತದೆ. ದೀಪಾವಳಿಯ ಹೊತ್ತಿಗೆ ಕೀ ಒಳಗೆ ಹೋಗುವುದೇ ಕಷ್ಟವಾಯಿತು. ಮುಂದಿನ ಬೇಸಿಗೆಯಲ್ಲಿ ಅಡಿಯ ರಬ್ಬರ್ ವಾಷರ್ ಬಿರುಕುಬಿಟ್ಟು, ಟ್ಯಾಂಕ್ ತುಂಬಿಸಿ ತಿರುವಿನಲ್ಲಿ ಹೊರಳಿಸಿದಾಗಲೆಲ್ಲ ಬಣ್ಣದ ಮೇಲೆ ಪೆಟ್ರೋಲಿನ ಗೆರೆ ಇಳಿಯತೊಡಗಿತು.

ಮೂರನೆಯದು ಲೋಹದ ಮುಚ್ಚಳ. ಕೈಗೆ ತೂಕವಾಗಿತ್ತು, ಕೀರಂಧ್ರದ ಮೇಲೆ ಸ್ಪ್ರಿಂಗ್ ಹಾಕಿದ ಮರೆಯಿತ್ತು, ವಾಷರ್ ದಪ್ಪವಾಗಿತ್ತು. ಇಷ್ಟು ದಿನ ಹುಡುಕಿದ್ದು ಸಿಕ್ಕಿತು ಎಂದುಕೊಂಡು ಹಾಕಿಸಿದೆ. ಹದಿನೈದು ದಿನ ಊರೊಳಗೆ ಓಡಾಡಿದಾಗ ಏನೂ ಗೊತ್ತಾಗಲಿಲ್ಲ. ಚಿತ್ರದುರ್ಗಕ್ಕೆ ಹೊರಟ ದಿನ, ಆನಗೋಡು ದಾಟಿ ಭರಮಸಾಗರದ ಸಮೀಪಕ್ಕೆ ಬರುವಷ್ಟರಲ್ಲಿ ಎಂಜಿನ್ ಮುಕ್ಕರಿಸತೊಡಗಿ, ಹೆದ್ದಾರಿಯ ಪಕ್ಕದಲ್ಲೇ ನಿಂತುಹೋಯಿತು. ಅರ್ಧ ಟ್ಯಾಂಕಿಗಿಂತ ಹೆಚ್ಚು ಪೆಟ್ರೋಲಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಚಾಲೂ ಆಗುವುದು, ನಾಲ್ಕು ಕಿಲೋಮೀಟರ್ ಓಡಿ ಮತ್ತೆ ನಿಲ್ಲುವುದು. ಭರಮಸಾಗರದಲ್ಲಿ ಸಿಕ್ಕ ಮೆಕ್ಯಾನಿಕ್ ಮುಂದಿನ ಸೀಟಿನಡಿಯ ಎಂಜಿನ್ನಿನ ಕಡೆ ಹೋಗಲೇ ಇಲ್ಲ. ಕೀ ಇಸಿದುಕೊಂಡು ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ, ಕಿವಿಗೊಟ್ಟು ಕೇಳಿ ಎಂದು ಸನ್ನೆ ಮಾಡಿದ. ಹೊರಗಿನ ಗಾಳಿ ಸುಯ್ಯೆಂದು ಒಳಕ್ಕೆ ಹೋಯಿತು. "ಟ್ಯಾಂಕಿಗೆ ಉಸಿರು ಕಟ್ಟೈತೆ ನೋಡ್ರಿ ಯಜಮಾನ್ರೇ," ಎಂದ.

ಪೆಟ್ರೋಲ್ ಖರ್ಚಾದಷ್ಟು ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದು ಇಂಥ ಮುಚ್ಚಳಗಳ ಅಡಿಯಲ್ಲಿ ಸಣ್ಣ ವಾಲ್ವ್ ಇರುತ್ತದೆ. ಒಳಗಿನ ಒತ್ತಡ ತಗ್ಗಿದಾಗ ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಆದರೆ ಆವಿಯನ್ನು ಸುಮ್ಮಸುಮ್ಮನೆ ಹೊರಗೆ ಬಿಡುವುದಿಲ್ಲ. ನನ್ನ ಲೋಹದ ಮುಚ್ಚಳದಲ್ಲಿ ವಾಲ್ವಿನ ಆಕಾರದ ಗುಂಡಿಯಿತ್ತು, ಅದರೊಳಗೆ ತೂತಿರಲಿಲ್ಲ. ಒಳಗೆ ನಿರ್ವಾತ ಹೆಚ್ಚಿದಂತೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಇಲ್ಲಿ ಒಂದು ವ್ಯತ್ಯಾಸ ನೆನಪಿಡಬೇಕು: ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯ ಮುಚ್ಚಳ ತೆರೆದಾಗ ಆವಿ ಹೊರಕ್ಕೆ ಚಿಮ್ಮುವುದು ಸಹಜ, ಆದ್ದರಿಂದಲೇ ಒಮ್ಮೆಲೇ ಬಿಚ್ಚದೆ ನಿಧಾನವಾಗಿ ಸಡಿಲಿಸಬೇಕು, ಓಡಿ ಬಂದ ಮೇಲೆ ಗಾಳಿ ಜೋರಾಗಿ ಒಳಕ್ಕೆ ನುಗ್ಗಿದರೆ ಮುಚ್ಚಳದ್ದೋ ಗಾಳಿಕೊಳವೆಯದ್ದೋ ದೋಷವಿದೆಯೆಂದು ಅರ್ಥ. ಅತ್ಯಂತ ಗಟ್ಟಿಯಾದ ಬೀಗವೇ ನನ್ನನ್ನು ದಾರಿಯಲ್ಲಿ ನಿಲ್ಲಿಸಿತು. ಊರು ಸೇರುವ ತನಕ ಅದನ್ನು ಅರ್ಧ ಸಡಿಲವಾಗಿಟ್ಟುಕೊಂಡೇ ಬಂದೆ.

ಲೀವರಿನ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಇಳಿಯದೆ ಕುಳಿತಲ್ಲಿಂದಲೇ ತೆರೆಯಬಹುದು, ಕೀ ಕೊಡುವ ತಾಪತ್ರಯವಿಲ್ಲ, ಒಳಗಿನ ತಿರುಪಿನ ಮುಚ್ಚಳ ಕಟಕಟ ಎಂದರೆ ಬಿಗಿಯಾಯಿತೆಂದು ಯಾರಿಗೂ ತಿಳಿಯುತ್ತದೆ. ಕೇಬಲ್ ಸಡಿಲವಾದಾಗ ಮಾತ್ರ ಒಬ್ಬರು ಲೀವರ್ ಎತ್ತಿ ಹಿಡಿದು, ಇನ್ನೊಬ್ಬರು ಹೊರಗಿನಿಂದ ಬಾಗಿಲನ್ನು ಎಬ್ಬಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಇದಕ್ಕೆಂದೇ ಡಿಕ್ಕಿಯ ಒಳಹೊದಿಕೆಯ ಹಿಂದೆ ಎಳೆಯುವ ಪಟ್ಟಿ ಇರುತ್ತದೆ. ಕೇಬಲ್ ಹರಿಯುವ ಮೊದಲೇ ಅದನ್ನು ಹುಡುಕಿಟ್ಟುಕೊಳ್ಳುವುದು ಒಳ್ಳೆಯದು.

ಓಮ್ನಿಗೆ ಕೊನೆಗೆ ನಾನು ಹಾಕಿಸಿದ್ದು ಮೂಲ ಮಾದರಿಯದನ್ನೇ. ಮುಚ್ಚಳ ಮಾತ್ರ ಕೊಂಡರೆ ಅದಕ್ಕೊಂದು ಬೇರೆ ಕೀ ಬರುತ್ತದೆ. ಒಂದೇ ಕೀ ಬೇಕೆಂದರೆ ಇಗ್ನಿಷನ್, ಬಾಗಿಲು, ಟ್ಯಾಂಕ್ ಎಲ್ಲ ಸೇರಿದ ಲಾಕ್ ಸೆಟ್ಟನ್ನೇ ಕೊಳ್ಳಬೇಕು. ಖರ್ಚಾಯಿತು. ಕೀಯನ್ನು ಈಗ ಯಾರ ಕೈಗೂ ಕೊಡದೆ ನಾನೇ ಇಳಿದು ತೆರೆಯುತ್ತೇನೆ.

ತೆರೆಯುವ ಸಾಧನಗಳಲ್ಲೂ ಎರಡು ಮೂರನ್ನು ಎದುರುಬದುರು ಇಟ್ಟು ನೋಡಿದ್ದೇನೆ. ಬಿಗಿಯಾದ ಮುಚ್ಚಳಕ್ಕೆ ಮೇಲಿನಿಂದ ಕೂರಿಸಿ ತಿರುಗಿಸುವ ಪ್ಲಾಸ್ಟಿಕ್ ಹಿಡಿಯೊಂದು ಸಿಗುತ್ತದೆ. ನಮ್ಮ ಸಣ್ಣ ಕಾರಿನ ತಿರುಪಿನ ಮುಚ್ಚಳಕ್ಕೆ ಅದು ಸರಿಯಾಗಿ ಕೂರುತ್ತದೆ, ಕೀಲುನೋವಿರುವ ನಮ್ಮ ಅಕ್ಕನಿಗೆ ಅದಿಲ್ಲದೆ ಆಗುವುದೇ ಇಲ್ಲ. ಓಮ್ನಿಯ ದುಂಡು ಮುಚ್ಚಳದ ಮೇಲೆ ಅದು ಜಾರುತ್ತದೆ. ಅಲ್ಲಿ ಗೆದ್ದದ್ದು ಅಂಗೈ ಅಗಲದ ಸೈಕಲ್ ಟ್ಯೂಬಿನ ತುಂಡು. ಮುಚ್ಚಳದ ಸುತ್ತ ಸುತ್ತಿ ಹಿಡಿದರೆ ಒದ್ದೆ ಕೈಗೂ ಹಿಡಿತ ಸಿಗುತ್ತದೆ. ಸ್ಕ್ರೂಡ್ರೈವರ್, ಇಕ್ಕಳಗಳನ್ನು ಪೆಟ್ರೋಲಿನ ಬಾಯಿಯ ಹತ್ತಿರ ತರಲೇಬಾರದು. ಬೀಗ ಬಿಗಿಯಾದಾಗ ಮನೆಯಲ್ಲಿ ಯಾರೋ ಬಿಟ್ಟ ಕೊಬ್ಬರಿ ಎಣ್ಣೆ ಎರಡು ದಿನ ನುಣುಪು ಕೊಟ್ಟು, ಹೊಟ್ಟಿನ ದೂಳಿನೊಂದಿಗೆ ಕಲಸಿಕೊಂಡು, ಮಾಗಿಯ ಬೆಳಗಿನ ಚಳಿಗೆ ಹೆಪ್ಪುಗಟ್ಟಿ ಕೂತಿತು. ಗ್ರಾಫೈಟ್ ಪುಡಿ ದೂಳನ್ನು ಅಂಟಿಸಿಕೊಳ್ಳುವುದಿಲ್ಲ. ಆರು ತಿಂಗಳಿಗೊಮ್ಮೆ ಚಿಟಿಕೆಯಷ್ಟು ಊದಿದರೆ ಸಾಕು.

ಡೂಪ್ಲಿಕೇಟ್ ಕೀ ಮಾಡಿಸುವಾಗ ದಿನವೂ ಬಳಸುವ ಕೀಯನ್ನು ಕೊಟ್ಟರೆ ಅದರ ಸವೆತವೂ ನಕಲಾಗುತ್ತದೆ. ಮುರಿದದ್ದರ ಅಚ್ಚಿನಲ್ಲಿ ಮಾಡಿಸಿದ ನನ್ನ ಮೊದಲ ನಕಲು ಬಾಗಿಲಿಗೆ ಆಯಿತು, ಟ್ಯಾಂಕಿಗೆ ಆಗಲಿಲ್ಲ. ಬಳಸದೆ ಇಟ್ಟ ಎರಡನೆಯ ಕೀಯಿಂದ ಮಾಡಿಸಿದ್ದು ಎರಡಕ್ಕೂ ಆಯಿತು. ಹೊಸ ಸೆಟ್ಟಿನ ಎರಡನೆಯ ಕೀಯನ್ನೂ ಅದರ ನಂಬರಿನ ಬಿಲ್ಲೆಯನ್ನೂ ಈಗ ಗಾಡಿಯಲ್ಲಿಡದೆ ಮನೆಯ ಬೀರುವಿನಲ್ಲಿ ಇಟ್ಟಿದ್ದೇನೆ.